ನಿಮ್ಮ ಫೋನಿನ ಕರ್ನಲ್ ಸೋರ್ಸ್ ಕೋಡ್ ಕೇಳಿ ಪಡೆಯುವುದು ಹೇಗೆ

ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಅದರೊಳಗೆ ಲಿನಕ್ಸ್ ಕರ್ನಲ್, ಅಂದರೆ ಹಾರ್ಡ್‌ವೇರನ್ನು ನಡೆಸುವ ತಳದ ತಂತ್ರಾಂಶ, ಇದೆ. ಎಂಟು ಸಾವಿರ ರೂಪಾಯಿಯ ಫೋನಿನಲ್ಲೂ ಅದೇ, ಒಂದು ಲಕ್ಷದ ಫೋನಿನಲ್ಲೂ ಅದೇ. ಈ ಕರ್ನಲ್ ಜಿಪಿಎಲ್ (ಜನರಲ್ ಪಬ್ಲಿಕ್ ಲೈಸೆನ್ಸ್) ಎಂಬ ಮುಕ್ತ ತಂತ್ರಾಂಶ ಲೈಸೆನ್ಸಿನ ಎರಡನೇ ಆವೃತ್ತಿಗೆ ಒಳಪಟ್ಟದ್ದು. 1991ರಲ್ಲಿ ಹೊರಬಂದ ಆ ಲೈಸೆನ್ಸ್ ಫೋನ್ ಕಂಪನಿಗೆ ಇಡುವ ಷರತ್ತು ಸರಳ: ಕರ್ನಲನ್ನು ಬೇಕಾದಂತೆ ತಿದ್ದಿಕೊಳ್ಳಿ, ಫೋನಿಗೆ ತುಂಬಿ ಮಾರಿ, ಯಾರಿಗೂ ಕಾಸು ಕೊಡಬೇಡಿ, ಆದರೆ ತಿದ್ದಿದ ಸೋರ್ಸ್ ಕೋಡನ್ನು, ಅಂದರೆ ಮನುಷ್ಯರು ಓದಿ ತಿದ್ದಬಹುದಾದ ಮೂಲ ಬರಹವನ್ನು, ಕೇಳಿದವರಿಗೆ ಕೊಡಿ. ಈ ಮಾತು ಉಳಿಸಿಕೊಳ್ಳುವ ಕಂಪನಿಗಳಿವೆ, ಅರ್ಧ ಕೊಟ್ಟು ಸುಮ್ಮನಾಗುವವೂ ಇವೆ, ಉತ್ತರವನ್ನೇ ಕೊಡದವೂ ಇವೆ.

ಸಾಮಾನ್ಯ ಬಳಕೆದಾರರಿಗೆ ಇದರಿಂದ ಏನು ಲಾಭ? ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ದಿನ ನಿಮ್ಮ ಫೋನಿನ ಹಾರ್ಡ್‌ವೇರ್ ಹಾಳಾಗಿರುವುದಿಲ್ಲ. ಕ್ಯಾಮೆರಾ, ಬ್ಯಾಟರಿ, ಪರದೆ ಎಲ್ಲ ಸರಿ ಇರುತ್ತವೆ. ಭದ್ರತೆಯ ತೂತುಗಳನ್ನು ಮುಚ್ಚುವವರು ಮಾತ್ರ ಇರುವುದಿಲ್ಲ. ಆ ಕೆಲಸವನ್ನು ಸ್ವಯಂಸೇವಕರು ವಹಿಸಿಕೊಳ್ಳಬೇಕಾದರೆ ಅವರಿಗೆ ಮೊದಲು ಬೇಕಾದದ್ದು ಕರ್ನಲ್ ಸೋರ್ಸ್. ಸ್ವಯಂಸೇವಕರು ಕಟ್ಟುವ ಆಂಡ್ರಾಯ್ಡ್ ರೂಪವಾದ ಲೀನಿಯೇಜ್ ಓಎಸ್ ಯೋಜನೆಯಂತೂ ಕರ್ನಲನ್ನು ಸೋರ್ಸಿನಿಂದಲೇ ಕಟ್ಟಿರಬೇಕು ಎಂದು ನಿಯಮವನ್ನೇ ಮಾಡಿಕೊಂಡಿದೆ. ಸೋರ್ಸ್ ಸಿಗದ ಫೋನಿಗೆ ಅಲ್ಲಿ ಜಾಗವಿಲ್ಲ. ನಿಮಗೆ ಪ್ರೋಗ್ರಾಮಿಂಗ್ ಬಾರದಿದ್ದರೂ ಚಿಂತೆಯಿಲ್ಲ, ಕೇಳುವ ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ನೀವು ಕೇಳಿ ಪಡೆದದ್ದನ್ನು ಬಲ್ಲವರು ಬಳಸಿಕೊಳ್ಳುತ್ತಾರೆ.

ಮೊದಲು: ಯಾವುದನ್ನು ಕೇಳಬಹುದು, ಯಾವುದನ್ನು ಕೇಳಬಾರದು

ಇಲ್ಲಿ ಎಡವಿದರೆ ಮುಂದಿನ ಪತ್ರವ್ಯವಹಾರವೆಲ್ಲ ವ್ಯರ್ಥ. ಫೋನಿನಲ್ಲಿರುವ ಎಲ್ಲವೂ ಜಿಪಿಎಲ್ ಅಲ್ಲ. ಆಂಡ್ರಾಯ್ಡಿನ ಮೇಲ್ಪದರದ ಬಹುಭಾಗ ಅಪಾಚಿ ಲೈಸೆನ್ಸಿನದು, ಅದನ್ನು ತಿದ್ದಿದವರು ಕೋಡ್ ಕೊಡಬೇಕೆಂದಿಲ್ಲ. ಕಂಪನಿಯ ಹೋಮ್ ಸ್ಕ್ರೀನ್, ಕ್ಯಾಮೆರಾ ಆ್ಯಪ್, ಥೀಮುಗಳು ಅವರ ಸ್ವಂತದ್ದು. ಮೋಡೆಮ್ಮಿನ ಫರ್ಮ್‌ವೇರ್, ವೈಫೈ ಚಿಪ್ಪಿನ ಫರ್ಮ್‌ವೇರ್ ಕೂಡ ಕರ್ನಲಿನ ಭಾಗವಲ್ಲ. ಗ್ರಾಫಿಕ್ಸ್ ವಿಷಯದಲ್ಲಿ ಗೆರೆ ಚಿಪ್ಪಿನ ನಡುವೆಯೇ ಹಾದುಹೋಗುತ್ತದೆ: ಕ್ವಾಲ್‌ಕಾಮಿನ ಅಡ್ರಿನೊ ಇರಲಿ, ಆರ್ಮ್ ಕಂಪನಿಯ ಮಾಲಿ ಇರಲಿ, ಕರ್ನಲಿನೊಳಗಿನ ಡ್ರೈವರ್ (ಚಿಪ್ಪನ್ನು ನಡೆಸುವ ಕೋಡ್) ಜಿಪಿಎಲ್, ಅದರ ಮೇಲೆ ಕೂರುವ ಲೈಬ್ರರಿ ಮುಚ್ಚಿದ ಕೋಡ್.

ಕೇಳಬೇಕಾದದ್ದನ್ನು ಲೈಸೆನ್ಸಿನ ಮೂರನೇ ಕಲಮು ವಿವರವಾಗಿ ಹೇಳುತ್ತದೆ. ಬೈನರಿಯಲ್ಲಿ, ಅಂದರೆ ಯಂತ್ರ ಓಡಿಸುವ ರೂಪದಲ್ಲಿ, ಇರುವ ಎಲ್ಲ ಮಾಡ್ಯೂಲುಗಳ (ಬಿಡಿಭಾಗಗಳ) ಸೋರ್ಸ್, ಅವುಗಳಿಗೆ ಸೇರಿದ ಇಂಟರ್‌ಫೇಸ್ ಫೈಲುಗಳು, ಜೊತೆಗೆ ಕಂಪೈಲ್ ಮಾಡಲು (ಸೋರ್ಸಿನಿಂದ ಬೈನರಿ ಕಟ್ಟಲು) ಮತ್ತು ಇನ್‌ಸ್ಟಾಲ್ ಮಾಡಲು ಬಳಸುವ ಸ್ಕ್ರಿಪ್ಟುಗಳು. ಅಂದರೆ ನಿಮ್ಮ ಫೋನಿನಲ್ಲಿ ಓಡುತ್ತಿರುವ ಬೈನರಿಗೆ ಸರಿಹೊಂದುವ ಪೂರ್ಣ ಸೋರ್ಸ್. ಪೂರ್ಣ ಎನ್ನುವುದು ಒಂದು ಷರತ್ತು, ಸರಿಹೊಂದುವ ಎನ್ನುವುದು ಇನ್ನೊಂದು. ಬಹುತೇಕ ತಕರಾರುಗಳು ಈ ಎರಡರಲ್ಲೇ ಹುಟ್ಟುತ್ತವೆ.

ಗಿಟ್ ಇತಿಹಾಸವನ್ನು, ಅಂದರೆ ಕೋಡಿನ ಒಂದೊಂದು ಬದಲಾವಣೆಯ ದಾಖಲೆಯನ್ನು, ಕೇಳುವಂತಿಲ್ಲ. ಒಂದೇ ಗಂಟಿನಲ್ಲಿ ಕೊನೆಯ ರೂಪ ಕೊಟ್ಟರೂ ಲೈಸೆನ್ಸ್ ಪಾಲನೆಯಾಯಿತು. ಫೋನ್ ಏಳುವಾಗ ಕರ್ನಲನ್ನು ಶುರುಮಾಡುವ ಬೂಟ್‌ಲೋಡರಿನ ಬೀಗ ತೆರೆಯುವ ಕೀಲಿಯ ವಿಷಯದಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ. ಕರ್ನಲಿಗೆ ಕಂಪನಿ ಹಾಕುವ ಸಹಿಯ ಕೀಲಿಯನ್ನು ಜಿಪಿಎಲ್ ಎರಡನೇ ಆವೃತ್ತಿ ಕೇಳುವುದಿಲ್ಲ ಎಂಬುದು ಲಿನಕ್ಸ್ ಕರ್ನಲನ್ನು ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ಅವರ ನಿಲುವು. ಅದನ್ನು ಈ ಪತ್ರದೊಳಗೆ ತರಬೇಡಿ. ಒಂದು ಬೇಡಿಕೆ ವಿವಾದಕ್ಕೆ ಸಿಕ್ಕರೆ ಉಳಿದ ನ್ಯಾಯವಾದ ಬೇಡಿಕೆಗಳೂ ಅದರೊಂದಿಗೆ ನೆನೆಗುದಿಗೆ ಬೀಳುತ್ತವೆ.

ಫೋನಿನ ವಿವರ ಬರೆದಿಟ್ಟುಕೊಳ್ಳಿ

ಸೆಟ್ಟಿಂಗ್ಸ್ ತೆರೆದು ಫೋನಿನ ಕುರಿತ ಪುಟಕ್ಕೆ ಹೋಗಿ. ಮಾಡೆಲ್ ನಂಬರ್, ಬಿಲ್ಡ್ ನಂಬರ್, ಕರ್ನಲ್ ಆವೃತ್ತಿ, ಭದ್ರತಾ ಅಪ್‌ಡೇಟಿನ ದಿನಾಂಕ, ಈ ನಾಲ್ಕನ್ನೂ ಬರೆದುಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಮಾರುಕಟ್ಟೆಯ ಹೆಸರು ಸಾಲದು, ಮಾಡೆಲ್ ನಂಬರೇ ಬೇಕು. ಭಾರತದಲ್ಲಿ ಮಾರುವ ಫೋನಿಗೂ ಯುರೋಪಿನಲ್ಲಿ ಅದೇ ಹೆಸರಿನಲ್ಲಿ ಮಾರುವ ಫೋನಿಗೂ ಚಿಪ್ಪೇ ಬೇರೆ ಇರುವುದುಂಟು.

ಕರ್ನಲ್ ಆವೃತ್ತಿಯ ಸಾಲನ್ನು ಒಂದಕ್ಷರ ಬಿಡದೆ ನಕಲು ಮಾಡಿ. 4.19 ಅಥವಾ 5.10 ಎಂದು ಶುರುವಾಗುವ ಆ ಸಾಲಿನ ಬಾಲದಲ್ಲಿ ಜಿ ಅಕ್ಷರದ ನಂತರ ಅಂಕಿ ಮತ್ತು ಅಕ್ಷರಗಳ ಗೊಂಚಲೊಂದು ಇರುತ್ತದೆ. ಆ ಬೈನರಿಯನ್ನು ಯಾವ ಕಮಿಟ್‌ನಿಂದ (ಗಿಟ್‌ನಲ್ಲಿ ದಾಖಲಾದ ಬದಲಾವಣೆಯಿಂದ) ಕಟ್ಟಲಾಯಿತು ಎಂಬ ಗುರುತು ಅದು. ಸೋರ್ಸ್ ಯಾವುದೆಂದೇ ಗೊತ್ತಾಗುತ್ತಿಲ್ಲ ಎಂದು ಉತ್ತರ ಬಂದರೆ ಈ ಗುರುತನ್ನು ಮುಂದಿಡಬಹುದು. ಕಂಪ್ಯೂಟರಿಗೆ ಫೋನ್ ಜೋಡಿಸಿ ಎಡಿಬಿ ಎಂಬ ಸಲಕರಣೆ ಬಳಸಲು ಬರುವವರು ಪ್ರೊಕ್ ಫೋಲ್ಡರಿನಲ್ಲಿರುವ ಕಾನ್ಫಿಗ್ ಫೈಲನ್ನೂ ಎಳೆದುಕೊಳ್ಳಿ. ಕರ್ನಲ್ ಕಟ್ಟುವಾಗ ಯಾವ ಆಯ್ಕೆ ಹಾಕಿದ್ದರು, ಯಾವುದನ್ನು ಬಿಟ್ಟಿದ್ದರು ಎಂಬುದರ ಪೂರ್ಣ ದಾಖಲೆ ಅದರಲ್ಲಿದೆ. ಮುಂದೆ ತಾಳೆ ನೋಡಲು ಇದಕ್ಕಿಂತ ಗಟ್ಟಿ ಆಧಾರ ಬೇರೊಂದಿಲ್ಲ.

ಅದೇ ಸೆಟ್ಟಿಂಗ್ಸಿನಲ್ಲಿ ಕಾನೂನು ಮಾಹಿತಿ ಎಂಬ ಪುಟ ಇರುತ್ತದೆ, ಅದರೊಳಗೆ ಓಪನ್ ಸೋರ್ಸ್ ಲೈಸೆನ್ಸುಗಳ ಪಟ್ಟಿ. ಅಲ್ಲಿ ಅಥವಾ ಡಬ್ಬಿಯೊಳಗಿನ ಕಿರುಪುಸ್ತಕದಲ್ಲಿ, ಸೋರ್ಸ್ ಬೇಕಾದವರು ಇಂಥ ವಿಳಾಸಕ್ಕೆ ಬರೆಯಿರಿ ಎಂಬ ಒಕ್ಕಣೆ ಹುಡುಕಿ. ಲೈಸೆನ್ಸ್ ಹೇಳುವ ಲಿಖಿತ ಭರವಸೆ ಅದೇ. ಅದು ಕನಿಷ್ಠ 3 ವರ್ಷ ಜಾರಿಯಲ್ಲಿರಬೇಕು. ಫೋನ್ ಕೊಂಡವರಿಗೆ ಮಾತ್ರವಲ್ಲ, ಯಾರೇ ಕೇಳಿದರೂ ಕೊಡಬೇಕು. ಸೋರ್ಸನ್ನು ತಲುಪಿಸಲು ಆಗುವ ಖರ್ಚಿಗಿಂತ ಒಂದು ಪೈಸೆ ಹೆಚ್ಚು ಕೇಳುವಂತಿಲ್ಲ. ಫೋನಿನ ಜೊತೆಗೇ ಸೋರ್ಸ್ ಕೊಟ್ಟಿಲ್ಲ, ಇಂಥ ಭರವಸೆಯೂ ಎಲ್ಲೂ ಕಾಣುವುದಿಲ್ಲ ಎಂದಾದರೆ ಅದೇ ಒಂದು ಲೋಪ. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಬರೆಯುವ ಮುಂಚೆ ಹುಡುಕಿ

ಸ್ಯಾಮ್‌ಸಂಗ್ ಇದಕ್ಕೆಂದೇ ಜಾಲತಾಣ ಇಟ್ಟಿದೆ, ಮಾಡೆಲ್ ನಂಬರ್ ಹಾಕಿದರೆ ಬಿಲ್ಡ್‌ವಾರು ಪಟ್ಟಿ ಬರುತ್ತದೆ. ಶಿಯೋಮಿ, ಒನ್‌ಪ್ಲಸ್, ಮೊಟೊರೊಲಾ, ರಿಯಲ್‌ಮಿ, ನಥಿಂಗ್ ಇವು ಗಿಟ್‌ಹಬ್ ಎಂಬ ಕೋಡ್ ತಾಣದಲ್ಲಿ ಹಾಕುತ್ತವೆ. ಗೂಗಲ್ ತನ್ನದೇ ಗಿಟ್ ತಾಣದಲ್ಲಿ, ಸೋನಿ ತನ್ನ ಡೆವಲಪರ್ ತಾಣದಲ್ಲಿ. ಇಲ್ಲಿ ನಿಮ್ಮ ಮಾಡೆಲ್ ಕಂಡ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಫೋನ್ ಬಿಡುಗಡೆಯಾದಾಗ ಹಾಕಿದ ಸೋರ್ಸ್ ಹಾಗೇ ಉಳಿದು, ಆಮೇಲೆ ಎರಡು ಆಂಡ್ರಾಯ್ಡ್ ಆವೃತ್ತಿ ದಾಟಿದರೂ ಯಾರೂ ಅತ್ತ ತಲೆ ಹಾಕದಿರುವುದು ಸಾಮಾನ್ಯ. ಪ್ರತಿ ಅಪ್‌ಡೇಟೂ ಹೊಸ ಬೈನರಿಯ ವಿತರಣೆ. ಕರ್ನಲ್ ಬದಲಾದಾಗಲೆಲ್ಲ ಅದಕ್ಕೆ ಸರಿಹೊಂದುವ ಸೋರ್ಸ್ ಕೊಡುವ ಹೊಣೆಯೂ ಹೊಸದಾಗಿ ಹುಟ್ಟುತ್ತದೆ.

ಜಿಕೆಐ ಫೋನುಗಳ ವಿಷಯ ಬೇರೆ

ಆಂಡ್ರಾಯ್ಡ್ 12ರ ಜೊತೆ 5.10 ಕರ್ನಲ್ ಇಟ್ಟುಕೊಂಡು ಬಂದ ಫೋನುಗಳಿಂದೀಚೆಗೆ ವ್ಯವಸ್ಥೆ ಬದಲಾಗಿದೆ. ಕರ್ನಲಿನ ತಿರುಳನ್ನು ಗೂಗಲ್ ಎಲ್ಲರಿಗೂ ಸಮಾನವಾಗಿ ಕಟ್ಟುತ್ತದೆ. ಜಿಕೆಐ (ಜೆನೆರಿಕ್ ಕರ್ನಲ್ ಇಮೇಜ್) ಎಂದು ಅದರ ಹೆಸರು. ಟಚ್, ಕ್ಯಾಮೆರಾ, ಪರದೆ, ಧ್ವನಿ, ಚಾರ್ಜಿಂಗ್ ಇವುಗಳ ಡ್ರೈವರುಗಳು ಬೇರೆ ಮಾಡ್ಯೂಲುಗಳಾಗಿ ವೆಂಡರ್ ಪಾರ್ಟಿಷನ್ನುಗಳಲ್ಲಿ ಕೂರುತ್ತವೆ. ಕರ್ನಲ್ ಸಾಲಿನಲ್ಲಿ ಆಂಡ್ರಾಯ್ಡ್12, ಆಂಡ್ರಾಯ್ಡ್13 ಎಂಬಂಥ ಪದ ಕಂಡರೆ ನಿಮ್ಮದು ಈ ಬಗೆಯದು ಎಂದು ತಿಳಿಯಿರಿ.

ಇಂಥ ಫೋನಿಗೆ ಸೋರ್ಸ್ ಕೇಳಿದರೆ ಗೂಗಲ್ ತಾಣದ ಕೊಂಡಿ ಕೊಟ್ಟು ಕೈತೊಳೆದುಕೊಳ್ಳುವ ಉತ್ತರ ಬರಬಹುದು. ಒಪ್ಪಬೇಡಿ. ತಿರುಳಿನ ಸೋರ್ಸ್ ಅಲ್ಲಿದೆ ನಿಜ, ಆದರೆ ನಿಮ್ಮ ಫೋನನ್ನು ನಿಮ್ಮ ಫೋನಾಗಿ ಮಾಡಿರುವುದು ಆ ಮಾಡ್ಯೂಲುಗಳು. ಹಾಗಾಗಿ ಮಾಡ್ಯೂಲುಗಳ ಹೆಸರು ಹಿಡಿದೇ ಕೇಳಿ. ಹೆಸರು ಸಿಗುವುದು ಓಡುತ್ತಿರುವ ಮಾಡ್ಯೂಲುಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಮಾಡ್ ಆದೇಶದಿಂದ. ಫೋನ್ ಅದನ್ನು ಬಿಡದಿದ್ದರೆ ಕಂಪನಿಯ ಅಧಿಕೃತ ಫರ್ಮ್‌ವೇರ್ ಪ್ಯಾಕೇಜ್ ಬಿಚ್ಚಿ ನೋಡಬೇಕು. ಮಾಡ್ಯೂಲ್ ಫೈಲಿನ ಮೇಲೆ ಮಾಡ್‌ಇನ್ಫೊ ಎಂಬ ಆದೇಶ ಓಡಿಸಿದರೆ ಲೈಸೆನ್ಸ್ ಎಂಬ ಸಾಲು ಬರುತ್ತದೆ. ಅಲ್ಲಿ ಜಿಪಿಎಲ್ ಎಂದಿದ್ದರೆ ಕಂಪನಿ ತಾನೇ ಬೈನರಿಯೊಳಗೆ ಹಾಗೆ ಘೋಷಿಸಿಕೊಂಡಿದೆ ಎಂದರ್ಥ. ಹಾಗೆ ಘೋಷಿಸದಿದ್ದರೆ ಕರ್ನಲಿನ ಕೆಲವು ಸೌಲಭ್ಯಗಳು ಮಾಡ್ಯೂಲಿಗೆ ಸಿಗುವುದೇ ಇಲ್ಲ. ಘೋಷಿಸಿ ಸೌಲಭ್ಯ ಪಡೆದು, ಸೋರ್ಸ್ ಕೊಡುವಾಗ ಮಾತ್ರ ಅದು ಗೋಪ್ಯ ಎನ್ನುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಪತ್ರ ಬರೆಯಿರಿ

ಇಮೇಲ್ ಸಾಕು. ಲಿಖಿತ ಭರವಸೆಯಲ್ಲಿ ಕೊಟ್ಟಿರುವ ವಿಳಾಸಕ್ಕೇ ಮೊದಲು ಕಳಿಸಿ, ಒಂದು ಪ್ರತಿ ಗ್ರಾಹಕ ಸೇವೆಗೆ ಹೋಗಲಿ. ಗ್ರಾಹಕ ಸೇವೆಯ ಮೊದಲ ಸಾಲಿನಲ್ಲಿ ಕೂತವರಿಗೆ ಜಿಪಿಎಲ್ ಎಂದರೇನೆಂದು ಗೊತ್ತಿರುವುದಿಲ್ಲ, ಅವರ ಮೇಲೆ ರೇಗಿ ಫಲವಿಲ್ಲ. ಓಪನ್ ಸೋರ್ಸ್ ತಂಡಕ್ಕೆ ಅಥವಾ ಕಾನೂನು ವಿಭಾಗಕ್ಕೆ ದಾಟಿಸಿ ಎಂದು ಸ್ಪಷ್ಟವಾಗಿ ಕೇಳಿ. ಒಕ್ಕಣೆ ಹೀಗಿರಲಿ; ಕಂಪನಿಗೆ ಇಂಗ್ಲಿಷಿನಲ್ಲಿ ಕಳಿಸುವುದಾದರೆ ಇದೇ ವಿಷಯವನ್ನು ಇದೇ ಕ್ರಮದಲ್ಲಿ ಬರೆಯಿರಿ:

"ಮಾನ್ಯರೇ, ನಾನು ನಿಮ್ಮ ಕಂಪನಿಯ ಈ ಮಾಡೆಲ್ ನಂಬರಿನ ಫೋನ್ ಬಳಸುತ್ತಿದ್ದೇನೆ. ಅದರ ಬಿಲ್ಡ್ ನಂಬರ್ ಮತ್ತು ಕರ್ನಲ್ ಆವೃತ್ತಿಯ ಪೂರ್ಣ ಸಾಲನ್ನು ಕೆಳಗೆ ಕೊಟ್ಟಿದ್ದೇನೆ. ಫೋನಿನಲ್ಲಿರುವ ಲಿನಕ್ಸ್ ಕರ್ನಲ್ ಜಿಪಿಎಲ್ ಎರಡನೇ ಆವೃತ್ತಿಗೆ ಒಳಪಟ್ಟಿದೆ. ಆ ಲೈಸೆನ್ಸಿನ ಮೂರನೇ ಕಲಮಿನಂತೆ, ಈ ಬಿಲ್ಡ್‌ಗೆ ಸರಿಹೊಂದುವ ಕರ್ನಲಿನ ಮತ್ತು ಅದರೊಂದಿಗೆ ವಿತರಿಸಿರುವ ಜಿಪಿಎಲ್ ಮಾಡ್ಯೂಲುಗಳ ಪೂರ್ಣ ಸೋರ್ಸ್ ಕೋಡ್, ಡಿವೈಸ್ ಟ್ರೀ ಫೈಲುಗಳು, ಕಾನ್ಫಿಗ್ ಫೈಲ್, ಕಟ್ಟಲು ಬಳಸಿದ ಸ್ಕ್ರಿಪ್ಟುಗಳು ಮತ್ತು ಕಂಪೈಲರಿನ ಆವೃತ್ತಿಯ ವಿವರ ಕಳಿಸಿಕೊಡಬೇಕೆಂದು ಕೋರುತ್ತೇನೆ. ಡೌನ್‌ಲೋಡ್ ಕೊಂಡಿ ಕೊಟ್ಟರೂ ಸಾಕು. ಈ ಪತ್ರ ತಲುಪಿದ್ದಕ್ಕೆ ಮತ್ತು ಸೋರ್ಸ್ ಯಾವಾಗ ಸಿಗುತ್ತದೆ ಎಂಬುದಕ್ಕೆ ಉತ್ತರ ಬರೆಯಿರಿ."

ಇಷ್ಟೇ. ಕೋರ್ಟಿನ ಬೆದರಿಕೆ ಬೇಡ, ಸಾಮಾಜಿಕ ಜಾಲತಾಣದಲ್ಲಿ ಹಾಕುತ್ತೇನೆ ಎಂಬ ಮಾತೂ ಬೇಡ. ಏಕೆ ಬೇಕು ಎಂದು ಕೇಳಿದರೆ ಕಾರಣ ಹೇಳುವ ಅಗತ್ಯ ನಿಮಗಿಲ್ಲ. ಕೊಂಡ ರಸೀದಿ ತೋರಿಸಿ ಎಂದರೆ, ಲಿಖಿತ ಭರವಸೆ ಯಾರಿಗಾದರೂ ಅನ್ವಯಿಸುತ್ತದೆ ಎಂದು ನೆನಪಿಸಿ. ಹೊರಗೆ ಹಂಚುವುದಿಲ್ಲ ಎಂಬ ಒಪ್ಪಂದಕ್ಕೆ ಸಹಿ ಹಾಕಿ ಎಂದರೆ ಹಾಕಲೇಬೇಡಿ. ಲೈಸೆನ್ಸಿನ ಆರನೇ ಕಲಮು ಅಂಥ ಹೆಚ್ಚುವರಿ ನಿರ್ಬಂಧವನ್ನು ನಿಷೇಧಿಸಿದೆ.

ಸ್ವಲ್ಪ ದಿನ ತಡೆಯಿರಿ ಎಂಬ ಉತ್ತರಕ್ಕೆ ಹಳೆಯ ಇತಿಹಾಸವಿದೆ. 2010ರಲ್ಲಿ ಎಚ್‌ಟಿಸಿ ಕಂಪನಿ, ಫೋನ್ ಮಾರಾಟಕ್ಕೆ ಬಂದ 90ರಿಂದ 120 ದಿನಗಳಲ್ಲಿ ಸೋರ್ಸ್ ಪ್ರಕಟಿಸುವುದು ತನ್ನ ರೂಢಿ ಎಂದಿತ್ತು. ಲೈಸೆನ್ಸಿನಲ್ಲಿ ಅಂಥ ರಿಯಾಯಿತಿ ಅವಧಿ ಇಲ್ಲ. ಬೈನರಿ ಕೈಸೇರಿದ ದಿನವೇ ಹೊಣೆ ಶುರು. ಆದರೂ ಮೊದಲ ಪತ್ರಕ್ಕೆ ಎರಡು ಮೂರು ವಾರ ಕಾಯುವುದು ಸೌಜನ್ಯ, ನಿಮ್ಮ ಪರವಾದ ದಾಖಲೆಯೂ ಹೌದು.

ಬಂದದ್ದನ್ನು ಪರೀಕ್ಷಿಸಿ

ಇದು ಈ ಕೆಲಸದ ಹೃದಯ, ಹೆಚ್ಚಿನವರು ಕೈಬಿಡುವುದೂ ಇಲ್ಲೇ. ಫೈಲ್ ಬಂದಿತೆಂದರೆ ಪಾಲನೆಯಾಯಿತು ಎಂದಲ್ಲ. ಅದರಿಂದ ಕರ್ನಲ್ ಕಟ್ಟಲು ಬರಬೇಕು, ಕಟ್ಟಿದ್ದು ನಿಮ್ಮ ಫೋನಿನದೇ ಆಗಿರಬೇಕು.

ಗಂಟು ಬಿಚ್ಚಿ ಮೊದಲಿಗೆ ಮೇಲಿನ ಹಂತದ ಮೇಕ್‌ಫೈಲ್ ತೆರೆಯಿರಿ. ಅದರ ಆರಂಭದ ಸಾಲುಗಳಲ್ಲಿ ಆವೃತ್ತಿಯ ಅಂಕಿಗಳಿವೆ. ನಿಮ್ಮ ಫೋನಿನಲ್ಲಿ 4.19.191 ಇದ್ದು ಇಲ್ಲಿ 4.19.113 ಕಂಡರೆ ಇದು ಹಳೆಯ ಸೋರ್ಸ್. ಅಷ್ಟನ್ನೇ ಬರೆದು ವಾಪಸು ಕೇಳಬಹುದು, ಮುಂದಿನ ಪರೀಕ್ಷೆಯೇ ಬೇಡ.

ಆಮೇಲೆ ಆರ್ಮ್64 ಫೋಲ್ಡರಿನಲ್ಲಿ ನಿಮ್ಮ ಫೋನಿನ ಡೆಫ್‌ಕಾನ್ಫಿಗ್ (ಕಟ್ಟುವ ಆಯ್ಕೆಗಳ ಮೂಲ ಫೈಲ್) ಇದೆಯೇ, ಡಿವೈಸ್ ಟ್ರೀ ಫೈಲುಗಳಿವೆಯೇ ನೋಡಿ. ಯಾವ ಪಿನ್ನಿಗೆ ಯಾವ ಸೆನ್ಸರ್ ಜೋಡಿಸಿದೆ ಎಂದು ಕರ್ನಲಿಗೆ ಹೇಳುವುದು ಡಿವೈಸ್ ಟ್ರೀ. ಅದಿಲ್ಲದ ಸೋರ್ಸ್ ಕಂಪೈಲ್ ಆದರೂ ಫೋನ್ ಏಳುವುದಿಲ್ಲ. ಕ್ವಾಲ್‌ಕಾಮ್ ಚಿಪ್ಪಿನ ಹಳೆಯ ಫೋನುಗಳಾದರೆ ಟೆಕ್‌ಪ್ಯಾಕ್ ಎಂಬ ಫೋಲ್ಡರಿನೊಳಗೆ ಧ್ವನಿ, ಕ್ಯಾಮೆರಾ, ಪರದೆಯ ಡ್ರೈವರುಗಳು ಇರಬೇಕು. ಫೋಲ್ಡರ್ ಇದ್ದು ಒಳಗೆ ಖಾಲಿ ಇದ್ದರೆ ಅದನ್ನು ಗುರುತು ಹಾಕಿಕೊಳ್ಳಿ. ಮೀಡಿಯಾಟೆಕ್ ಚಿಪ್ಪಿನ ಫೋನುಗಳಲ್ಲಿ ವೈಫೈ, ಬ್ಲೂಟೂತ್, ಜಿಪಿಎಸ್ ಮಾಡ್ಯೂಲುಗಳ ಸೋರ್ಸ್ ಕರ್ನಲ್ ಮರದ ಹೊರಗೆ ಬೇರೆ ಫೋಲ್ಡರಿನಲ್ಲಿ ಇರುವುದುಂಟು, ಬಿಟ್ಟುಹೋಗುವ ಸಂಭವವೂ ಅಲ್ಲೇ ಹೆಚ್ಚು. ಕೊನೆಯದಾಗಿ, ಮೊದಲೇ ಕಂಪೈಲ್ ಮಾಡಿಟ್ಟ ಆಬ್ಜೆಕ್ಟ್ ಫೈಲುಗಳಿಗಾಗಿ ಇಡೀ ಮರ ಜಾಲಾಡಿ. ಸೋರ್ಸ್ ಇರಬೇಕಾದ ಕಡೆ ಡಾಟ್ ಓ ಫೈಲ್ ಅಥವಾ ಶಿಪ್ಡ್ ಎಂಬ ಬಾಲವಿರುವ ಫೈಲ್ ಕಂಡರೆ ಅಲ್ಲಿ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದೇ ಲೆಕ್ಕ.

ಈಗ ಕಟ್ಟಿ ನೋಡಿ. ಯಾವ ಕಂಪೈಲರ್ ಬೇಕೆಂದು ನಿಮ್ಮ ಫೋನೇ ಹೇಳುತ್ತದೆ: ಪ್ರೊಕ್ ಫೋಲ್ಡರಿನ ವರ್ಷನ್ ಫೈಲಿನಲ್ಲಿ ಕ್ಲ್ಯಾಂಗ್ ಅಥವಾ ಜಿಸಿಸಿಯ ಆವೃತ್ತಿ ಬರೆದಿರುತ್ತದೆ. ಅದನ್ನೇ ಬಳಸಿ, ಇಲ್ಲದಿದ್ದರೆ ದೋಷ ಸೋರ್ಸಿನದೋ ಕಂಪೈಲರಿನದೋ ತಿಳಿಯದೆ ಗೊಂದಲವಾಗುತ್ತದೆ. ಹೆಡರ್ ಫೈಲ್ (ಬೇರೆ ಫೈಲುಗಳು ಸೇರಿಸಿಕೊಳ್ಳುವ ಘೋಷಣೆಗಳ ಫೈಲ್) ಸಿಗಲಿಲ್ಲ ಎಂದು ಕೆಲಸ ನಿಂತರೆ ಸೋರ್ಸ್ ಅಪೂರ್ಣ ಎಂಬುದಕ್ಕೆ ಅದೇ ಸಾಕ್ಷಿ. ಪೂರ್ತಿ ಲಾಗ್ ಉಳಿಸಿಡಿ. ಕಟ್ಟುವುದು ಮುಗಿದರೆ, ಹುಟ್ಟಿದ ಕಾನ್ಫಿಗ್ ಫೈಲನ್ನೂ ಫೋನಿನಿಂದ ಎಳೆದುಕೊಂಡದ್ದನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ಕರ್ನಲ್ ಮರದ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿ ಡಿಫ್‌ಕಾನ್ಫಿಗ್ ಎಂಬ ಸಲಕರಣೆ ಇದಕ್ಕೆಂದೇ ಇದೆ. ಫೋನಿನಲ್ಲಿ ಆನ್ ಆಗಿರುವ ಡ್ರೈವರಿನ ಹೆಸರೇ ಸೋರ್ಸಿನಲ್ಲಿ ಇಲ್ಲದಿದ್ದರೆ ಆ ಡ್ರೈವರ್ ಕೊಟ್ಟಿಲ್ಲ ಎಂದಾಯಿತು.

ಕಟ್ಟಿದ ಕರ್ನಲನ್ನು ದಿನಬಳಕೆಯ ಫೋನಿಗೆ ತುಂಬುವ ದುಡುಕು ಬೇಡ. ಬೂಟ್‌ಲೋಡರ್ ಬೀಗ ತೆಗೆದರೆ ಫೋನಿನ ಡೇಟಾ ಪೂರ್ತಿ ಅಳಿಸಿಹೋಗುತ್ತದೆ, ಬ್ಯಾಂಕಿನ ಆ್ಯಪುಗಳು ಕೆಲಸ ನಿಲ್ಲಿಸಬಹುದು. ಮೇಲಿನ ಪರೀಕ್ಷೆಗಳಿಗೆ ಇದಾವುದೂ ಬೇಕಿಲ್ಲ, ಎಲ್ಲವೂ ಕಂಪ್ಯೂಟರಿನಲ್ಲೇ ಮುಗಿಯುತ್ತವೆ.

ಕೊರತೆ ಕಂಡರೆ

ಎರಡನೇ ಪತ್ರದಲ್ಲಿ ಸೋರ್ಸ್ ಸರಿಯಿಲ್ಲ ಎಂದು ಬರೆಯಬೇಡಿ. ಇಂಥ ಫೋಲ್ಡರ್ ಖಾಲಿ ಇದೆ, ಇಂಥ ಹೆಡರ್ ಇಲ್ಲ, ಇಂಥ ಮಾಡ್ಯೂಲ್ ಜಿಪಿಎಲ್ ಎಂದು ಘೋಷಿಸಿದೆ ಆದರೆ ಅದರ ಸೋರ್ಸ್ ಇಲ್ಲ, ಎಂದು ಫೈಲ್ ಹೆಸರುಗಳ ಸಮೇತ ಬರೆಯಿರಿ. ಕಂಪನಿಯೊಳಗೆ ಇದನ್ನು ಸರಿಪಡಿಸುವವರು ಯಾರೋ ಒಬ್ಬ ಎಂಜಿನಿಯರ್. ಅವರ ಕೈಗೆ ನೇರ ಕೆಲಸದ ಪಟ್ಟಿ ಸಿಕ್ಕರೆ ಕೆಲಸ ಆಗುತ್ತದೆ. ಚಿಪ್ ಕಂಪನಿ ನಮಗೆ ಕೊಟ್ಟಿಲ್ಲ ಎಂಬ ಉತ್ತರ ಬಂದರೆ, ಬೈನರಿಯನ್ನು ನಿಮಗೆ ವಿತರಿಸಿದವರು ಫೋನ್ ಕಂಪನಿಯವರು, ಹೊಣೆ ಅವರದೇ ಎಂದು ಶಾಂತವಾಗಿ ಹೇಳಿ.

ಅದಕ್ಕೂ ಬಗ್ಗದಿದ್ದರೆ ದಾರಿ ಎರಡು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮುಗಳನ್ನೂ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೇ ಸೇರಿಸಿದೆ, ಉಲ್ಲಂಘನೆಯ ದಾವೆ ಹೂಡುವ ಹಕ್ಕು ಕೃತಿಸ್ವಾಮ್ಯ ಉಳ್ಳವರದು. ಅಂದರೆ ಆ ಕೋಡ್ ಬರೆದ ಕರ್ನಲ್ ಡೆವಲಪರುಗಳದು. ಹಾಗಾಗಿ ಮೊದಲ ದಾರಿ, ಅವರ ಪರವಾಗಿ ಕೆಲಸ ಮಾಡುವ ಸಂಸ್ಥೆಗೆ ದೂರು ಒಪ್ಪಿಸುವುದು. ಅಮೆರಿಕದ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಇಂಥ ದೂರು ಸ್ವೀಕರಿಸುತ್ತದೆ. ನಿಮ್ಮ ಪತ್ರಗಳು, ಅವರ ಉತ್ತರ, ಪರೀಕ್ಷೆಯ ಲಾಗ್, ಸ್ಕ್ರೀನ್‌ಶಾಟ್ ಎಲ್ಲವನ್ನೂ ದಿನಾಂಕವಾರು ಜೋಡಿಸಿ ಕೊಡಿ. ಎರಡನೆಯದು, ಕಾನೂನು ಮಾತಾಡದೆ ಬಳಕೆದಾರರ ಸಮುದಾಯದಲ್ಲಿ ವಿಷಯ ಇಟ್ಟು ಅದೇ ಫೋನಿನವರು ಹತ್ತು ಮಂದಿ ಒಂದೇ ಒಕ್ಕಣೆಯಲ್ಲಿ ಕೇಳುವುದು. ನನ್ನ ಅಭಿಪ್ರಾಯದಲ್ಲಿ ಎರಡನೆಯದನ್ನೇ ಮೊದಲು ಮಾಡಬೇಕು.

ಕೋರ್ಟುಗಳು ಈ ಲೈಸೆನ್ಸನ್ನು ಹಗುರವಾಗಿ ತೆಗೆದುಕೊಂಡಿಲ್ಲ. ಕರ್ನಲ್ ಡೆವಲಪರ್ ಹೆರಾಲ್ಡ್ ವೆಲ್ಟೆ 2004ರಲ್ಲಿ ರೌಟರ್ ಮಾರುವ ಸೈಟ್‌ಕಾಮ್ ಕಂಪನಿಯ ವಿರುದ್ಧ ಜರ್ಮನಿಯ ಮ್ಯೂನಿಕ್ ಕೋರ್ಟಿನಲ್ಲಿ ತಡೆಯಾಜ್ಞೆ ಪಡೆದರು. 2021ರ ಅಕ್ಟೋಬರಿನಲ್ಲಿ ಕನ್ಸರ್ವೆನ್ಸಿ ಟಿವಿ ಕಂಪನಿ ವಿಜಿಯೊ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಹೂಡಿದ ದಾವೆ ಇನ್ನೂ ದೊಡ್ಡ ಪ್ರಶ್ನೆ ಎತ್ತಿತು: ಕೋಡ್ ಬರೆದವರಷ್ಟೇ ಅಲ್ಲ, ಸಾಮಾನು ಕೊಂಡ ಗ್ರಾಹಕರೂ ನೇರವಾಗಿ ಸೋರ್ಸಿಗೆ ಹಕ್ಕು ಸಾಧಿಸಬಹುದೇ ಎಂದು.

ಆದರೆ ನನಗೆ ಹೆಚ್ಚು ಭರವಸೆ ಕೊಡುವುದು ಕೋರ್ಟಿನ ಹೊರಗೆ ಮುಗಿದ ಪ್ರಕರಣ. ಮೆಮೊರಿ ಕಾರ್ಡುಗಳಲ್ಲಿ ಬಳಸುವ ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಗೆ ಸ್ಯಾಮ್‌ಸಂಗ್ ಬರೆದ ಡ್ರೈವರಿನ ಕೋಡ್ 2013ರಲ್ಲಿ ಸೋರಿಕೆಯಾಗಿ, ಅದು ಜಿಪಿಎಲ್ ಪ್ರಕಾರ ಬಿಡುಗಡೆಯಾಗಬೇಕಿತ್ತು ಎಂಬ ಚರ್ಚೆ ಎದ್ದಿತು. ಕನ್ಸರ್ವೆನ್ಸಿ ಮಾತುಕತೆಗೆ ಕೂತಿತು. ಆ ವರ್ಷದ ಆಗಸ್ಟಿನಲ್ಲಿ ಸ್ಯಾಮ್‌ಸಂಗ್ ಸೋರ್ಸನ್ನು ಜಿಪಿಎಲ್ ಅಡಿಯಲ್ಲಿ ಪ್ರಕಟಿಸಿತು. 2020ರಲ್ಲಿ ಬಂದ ಲಿನಕ್ಸ್ 5.7ಕ್ಕೆ ಸೇರಿದ ಎಕ್ಸ್‌ಫ್ಯಾಟ್ ಡ್ರೈವರನ್ನು ಬರೆದು ಕೊಟ್ಟವರು ಅದೇ ಕಂಪನಿಯ ಎಂಜಿನಿಯರುಗಳು.

ನೀವೇ ಫೋನ್ ತಯಾರಿಸುವವರಾಗಿದ್ದರೆ

ಬೆಂಗಳೂರಿನಲ್ಲಿ ಫೋನ್ ಕಂಪನಿಗಳ, ಚಿಪ್ ಕಂಪನಿಗಳ ಎಂಜಿನಿಯರಿಂಗ್ ಕಚೇರಿಗಳಿವೆ. ಕರ್ನಲ್ ಡ್ರೈವರ್ ಬರೆಯುವ ಕನ್ನಡಿಗರು ಅಲ್ಲಿ ಇದ್ದಾರೆ. ಈ ಸಾಲುಗಳು ಅವರಿಗೆ, ಹೊರಗಿನಿಂದ ವಿನ್ಯಾಸ ತರಿಸಿ ಸ್ವಂತ ಹೆಸರಿನಲ್ಲಿ ಮಾರುವ ಸಣ್ಣ ಕಂಪನಿಗಳಿಗೆ ಕೂಡ.

ವಿನ್ಯಾಸ ಮಾಡಿಕೊಡುವ ಕಂಪನಿಯ ಜೊತೆ ಒಪ್ಪಂದ ಬರೆಯುವಾಗಲೇ ಪ್ರತಿ ಬಿಲ್ಡ್‌ನೊಂದಿಗೆ ಪೂರ್ಣ ಕರ್ನಲ್ ಸೋರ್ಸ್ ಒಪ್ಪಿಸಬೇಕು ಎಂಬ ಷರತ್ತು ಸೇರಿಸಿ, ಅದು ಕೈಸೇರುವವರೆಗೆ ಹಣದ ಕೊನೆಯ ಕಂತು ತಡೆಹಿಡಿಯಿರಿ. ಫೋನ್ ಮಾರಾಟಕ್ಕೆ ಹೋದ ಮೇಲೆ ಕೇಳಿದರೆ ಕೊಡುವವರಿಗೆ ತುರ್ತು ಇರುವುದಿಲ್ಲ. ಬೈನರಿ ಕಟ್ಟುವ ಯಂತ್ರವೇ ಸೋರ್ಸಿನ ಗಂಟನ್ನೂ ಕಟ್ಟಲಿ. ಆ ಗಂಟನ್ನು ಹೊಸ ಕಂಪ್ಯೂಟರಿನಲ್ಲಿ, ಆ ಕೆಲಸದ ಪರಿಚಯವೇ ಇಲ್ಲದ ಸಹೋದ್ಯೋಗಿಯ ಕೈಯಲ್ಲಿ ಕಂಪೈಲ್ ಮಾಡಿಸಿ ನೋಡಿ. ಲಿನಕ್ಸ್ 4.14ರಿಂದ ಈಚೆಗೆ ಕರ್ನಲ್ ಫೈಲುಗಳ ತಲೆಯಲ್ಲಿ, ಫೈಲಿನ ಲೈಸೆನ್ಸ್ ಯಾವುದೆಂದು ಹೇಳುವ ಎಸ್‌ಪಿಡಿಎಕ್ಸ್ ಗುರುತು ಇರುತ್ತದೆ, ನಿಮ್ಮ ಹೊಸ ಫೈಲುಗಳಿಗೂ ಅದನ್ನು ಹಾಕಿ. ಆಗ ಯಾವುದರ ಸೋರ್ಸ್ ಹೊರಗೆ ಹೋಗಬೇಕು ಎಂಬ ಪ್ರಶ್ನೆ ಕೊನೆಯ ವಾರಕ್ಕೆ ಉಳಿಯುವುದಿಲ್ಲ.

ದೂರಿನ ಪತ್ರ ಬಂದರೆ ಹೆದರಿ ಮೌನ ತಾಳುವುದು ಅತ್ಯಂತ ಕೆಟ್ಟ ಆಯ್ಕೆ. ಎರಡನೇ ಆವೃತ್ತಿಯ ನಾಲ್ಕನೇ ಕಲಮಿನಂತೆ ಷರತ್ತು ಮುರಿದವರ ವಿತರಣಾ ಹಕ್ಕು ತಾನೇ ತಾನಾಗಿ ರದ್ದಾಗುತ್ತದೆ. ಆದರೆ 2017ರ ಅಕ್ಟೋಬರಿನಲ್ಲಿ ನೂರಕ್ಕೂ ಹೆಚ್ಚು ಕರ್ನಲ್ ಡೆವಲಪರುಗಳು ಒಂದು ಹೇಳಿಕೆಗೆ ಸಹಿ ಹಾಕಿ, ಮೊದಲ ಸಲ ತಪ್ಪಿದವರು ನೋಟಿಸ್ ತಲುಪಿದ 30 ದಿನಗಳೊಳಗೆ ಸರಿಪಡಿಸಿಕೊಂಡರೆ ತಮ್ಮ ಕೋಡಿನ ಮಟ್ಟಿಗೆ ಆ ಹಕ್ಕು ಶಾಶ್ವತವಾಗಿ ಮರಳುತ್ತದೆ ಎಂದು ಒಪ್ಪಿದ್ದಾರೆ. ಈ ಅವಕಾಶ ಬಳಸಿಕೊಳ್ಳಬೇಕಾದರೆ ಪತ್ರ ಬಂದ ದಿನವೇ ಅದು ಸರಿಯಾದ ಮೇಜಿಗೆ ತಲುಪಬೇಕು. ಲಿಖಿತ ಭರವಸೆಯಲ್ಲಿರುವ ಇಮೇಲ್ ವಿಳಾಸವನ್ನು ಒಬ್ಬರ ಹೆಸರಿಗೆ ಕಟ್ಟದೆ ತಂಡಕ್ಕೆ ಕಟ್ಟಿ, ಆ ಒಬ್ಬರು ಕೆಲಸ ಬಿಟ್ಟ ದಿನ ವಿಳಾಸವೂ ಸಾಯಬಾರದು. ಪ್ರತಿ ಬಿಲ್ಡ್ ನಂಬರಿನ ಹೆಸರಿನಲ್ಲಿ ಸೋರ್ಸಿನ ಗಂಟನ್ನು ಸಂಗ್ರಹದಲ್ಲಿಡಿ, ಕೊನೆಯ ಅಪ್‌ಡೇಟ್ ಹೊರಟ ದಿನದಿಂದ ಕನಿಷ್ಠ 3 ವರ್ಷ ಅದನ್ನು ಅಳಿಸಬೇಡಿ.